ಚೆಂಡು ಕದ್ದ ಭಾವಮೈದುನ

ಮದುವೆಯಾದ ಗಂಡಸಿನ ಕೈಯಲ್ಲಿ ಜಗಳಕ್ಕೆಂದು ಒಂದು ಅಸ್ತ್ರವಾದರೂ ಇರಬೇಕು ಎಂದು ನಂಬಿದವನು ನಾನು. ಹೆಂಗಸರ ಬತ್ತಳಿಕೆ ದೊಡ್ಡದು. ಮರೆತುಹೋದ ಹುಟ್ಟುಹಬ್ಬ, ನನ್ನ ಅಮ್ಮ ಯಾವತ್ತೋ ಆಡಿದ ಮಾತು, ಹದಿನಾರು ವರ್ಷದ ಹಿಂದೆ ವಿಮಾನ ನಿಲ್ದಾಣದಲ್ಲಿ ನಾನು ಬಿಟ್ಟುಬಂದ ಉಪ್ಪಿನಕಾಯಿ ಡಬ್ಬ, ಎಲ್ಲವೂ ಅಲ್ಲಿ ಸಾಣೆ ಹಿಡಿದು ಸಿದ್ಧವಾಗಿರುತ್ತವೆ. ನನ್ನಲ್ಲಿದ್ದದ್ದು ಒಂದೇ ಒಂದು ಬಾಣ. ನನ್ನ ಹೆಂಡತಿ ಫಿಲೋಮಿನಾ ಇಲ್ಲಿ ಬಹರೈನಿನ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲಿ ಮೂವತ್ತು ಜನರನ್ನು ಅಂಕೆಯಲ್ಲಿಟ್ಟು ಬರುವವಳಿಗೆ ಮನೆಯಲ್ಲಿ ನಾನೊಬ್ಬ ಯಾವ ಲೆಕ್ಕ? ನಮ್ಮ ಮನೆಮಾತು ಕೊಂಕಣಿ, ಆದರೆ ಜಗಳಕ್ಕೆ ಮಾತ್ರ ಕನ್ನಡ. ಇಲ್ಲೇ ಹುಟ್ಟಿದ ಮಗಳಿಗೆ ಕನ್ನಡ ಅರ್ಥವಾಗುವುದಿಲ್ಲ ಎಂಬ ಧೈರ್ಯ. ಸೋಲು ಖಚಿತ ಎಂದು ಕಂಡಾಗ ನಾನು ಎದ್ದು ನಿಂತು, "ಹೋಗ್ಲಿ ಬಿಡು, ಚೆಂಡು ಕದ್ದವರ ಮನೆಯವಳ ಹತ್ರ ನ್ಯಾಯ ಮಾತಾಡ್ಲಿಕ್ಕೆ ಎಂತ ಉಂಟು!" ಎನ್ನುತ್ತಿದ್ದೆ. ಅವಳು ಥಟ್ಟನೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಹದಿನೆಂಟು ವರ್ಷ ಈ ಬಾಣ ಒಮ್ಮೆಯೂ ಗುರಿ ತಪ್ಪಲಿಲ್ಲ. ಅದರಲ್ಲಿ ಇದ್ದ ದೋಷ ಒಂದೇ. ಚೆಂಡನ್ನು ಯಾರೂ ಕದ್ದಿರಲಿಲ್ಲ, ಮತ್ತು ಅದು ಗೊತ್ತಿದ್ದದ್ದು ನನಗೊಬ್ಬನಿಗೇ.

ಇದು ಅರ್ಥವಾಗಬೇಕಾದರೆ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಚರಿತ್ರೆ ಹೇಳಬೇಕು. ಹೆದರಬೇಡಿ, ತಂಡ ಬದುಕಿದ್ದು ನಾಲ್ಕೇ ವರ್ಷ. ನಮ್ಮೂರಲ್ಲಿ ಒಂದು ಹೊಳೆ, ಹೊಳೆಗೊಂದು ಸೇತುವೆ. ಈಚೆ ದಡದಲ್ಲಿ ನಮ್ಮ ಕಾಲೇಜು, ಆಚೆ ದಡದಲ್ಲಿ ಪೇಟೆ ಮತ್ತು ಇನ್ನೊಂದು ಕಾಲೇಜು. ನಮ್ಮ ಪ್ರಾಂಶುಪಾಲರು ಒಮ್ಮೆ ವಾಲಿಬಾಲ್ ತರಿಸಲು ಕಾಗದ ಬರೆದರೆ, ಪಾರ್ಸೆಲ್‌ನಲ್ಲಿ ಬಂದದ್ದು ಎರಡು ಫುಟ್‌ಬಾಲ್. ವಾಪಸು ಕಳಿಸುವ ತಾಪತ್ರಯ ಯಾರಿಗೆ ಬೇಕು? "ಉರುಟಾಗಿ ಉಂಟಲ್ಲ, ಆಡಿ" ಎಂದರಂತೆ. ಹಾಗೆ ನಮ್ಮಲ್ಲಿ ಫುಟ್‌ಬಾಲ್ ಶುರುವಾಯಿತು. ವ್ಯಾಯಾಮದ ಶೆಟ್ಟಿ ಮಾಸ್ಟ್ರು ಹುಡುಗರನ್ನು ಆರಿಸಿದರು. ಹಮೀದ್‌ನ ಧ್ವನಿ ದೊಡ್ಡದೆಂದು ಅವನನ್ನು ಕ್ಯಾಪ್ಟನ್ ಮಾಡಿದರು. ನನ್ನನ್ನು ಆರಿಸಲು ಕಾರಣ, ನನ್ನಲ್ಲಿ ಸೈಕಲ್ ಇತ್ತು. ಚೆಂಡಿಗೆ ಗಾಳಿ ಹಾಕಿಸಲು ಸೇತುವೆ ದಾಟಿ ಪೇಟೆಯ ಸೈಕಲ್ ಅಂಗಡಿಗೇ ಹೋಗಬೇಕಿತ್ತು. ಮೈದಾನದಲ್ಲಿ ನಾನು ಆಡಿದ್ದು ನಾಲ್ಕು ವರ್ಷದಲ್ಲಿ ಒಟ್ಟು ಏಳು ನಿಮಿಷ. ಅದರಲ್ಲೂ ಎರಡು ನಿಮಿಷ ಬೂಟಿನ ಲೇಸು ಕಟ್ಟುವುದರಲ್ಲಿ ಹೋಯಿತು. ತಂಡ ಗೆದ್ದದ್ದು ಒಂದು ಪಂದ್ಯ. ಎದುರಾಳಿಗಳ ಬಸ್ಸು ದಾರಿ ತಪ್ಪಿ ಅದೇ ಹೆಸರಿನ ಬೇರೊಂದು ಊರಿಗೆ ಹೋಗಿದ್ದರಿಂದ ಆ ದಿನ ನಮ್ಮನ್ನು ತಡೆಯುವವರೇ ಇರಲಿಲ್ಲ.

ನಾಲ್ಕನೆಯ ವರ್ಷದ ಕೊನೆಗೆ ಆಚೆ ಕಾಲೇಜಿನ ಜೊತೆ ನಮ್ಮ ಮೈದಾನದಲ್ಲೇ ಪಂದ್ಯ. ಎರಡರಲ್ಲಿ ಒಂದು ಚೆಂಡು ಮುಳ್ಳುಬೇಲಿಗೆ ಬಲಿಯಾಗಿ ಉಳಿದದ್ದು ಒಂದೇ. ಅದಕ್ಕೆ ಗಾಳಿ ಹಾಕಿಸಿಕೊಂಡು ನಾನು ಸೇತುವೆಯ ಮೇಲೆ ಬರುತ್ತಿದ್ದೆ. ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ಚೆಂಡು, ಬಾಯಲ್ಲಿ ರೇಡಿಯೋದವರ ಹಾಗೆ ವೀಕ್ಷಕ ವಿವರಣೆ. ಆ ವಿವರಣೆಯಲ್ಲಿ ಸಹಜವಾಗಿಯೇ ನಾನು ಅದ್ಭುತವಾಗಿ ಆಡುತ್ತಿದ್ದೆ. ಕೊನೆಯ ನಿಮಿಷ, ಎತ್ತರದಲ್ಲಿ ಚೆಂಡು ಬರುತ್ತಿದೆ ಎಂದು ಹೇಳುತ್ತಾ ಚೆಂಡನ್ನು ಮೇಲಕ್ಕೆಸೆದು ತಲೆ ಕೊಟ್ಟೆ. ನನ್ನ ಜೀವಮಾನದ ಏಕೈಕ ಹೆಡರ್ ಅದು. ಯಾವ ತರಬೇತುದಾರನೂ ದೋಷ ಹುಡುಕಲಾರದಂಥದ್ದು. ಚೆಂಡು ಕಟ್ಟೆ ದಾಟಿ ಹೊಳೆಗೆ ಬಿತ್ತು, ನಾನು ಸೈಕಲ್ ಸಮೇತ ರಸ್ತೆಗೆ ಬಿದ್ದೆ. ಸಮುದ್ರದ ನೀರು ಇಳಿಯುವ ಹೊತ್ತು. ಚೆಂಡು ಯಾವ ಅವಸರವೂ ಇಲ್ಲದೆ ಪಡುವಣಕ್ಕೆ ತೇಲಿಹೋಯಿತು. ನನಗಿಂತ ಎಷ್ಟೋ ವರ್ಷ ಮೊದಲೇ, ವೀಸಾ ಪಾಸ್‌ಪೋರ್ಟು ಯಾವುದೂ ಇಲ್ಲದೆ, ಅದು ಗಲ್ಫಿಗೆ ಬಂದಿರಬಹುದು.

ಮೊಣಕೈ ಕೆತ್ತಿಸಿಕೊಂಡು, ಏದುಸಿರು ಬಿಡುತ್ತಾ ಮೈದಾನಕ್ಕೆ ಬಂದೆ. "ಚೆಂಡೆಲ್ಲಿ?" ಎಂದರು ಶೆಟ್ಟಿ ಮಾಸ್ಟ್ರು. ನಾನು ಸೇತುವೆಯ ಕಡೆಗೆ ಕೈ ತೋರಿಸಿದೆ. ಹಮೀದ್ ತನ್ನ ಆ ದೊಡ್ಡ ಧ್ವನಿಯಲ್ಲಿ, "ಆಚೆಯವ್ರು ಕಿತ್ಕೊಂಡ್ರಾ? ಹೊಡೆದ್ರಾ ನಿಂಗೆ?" ಎಂದು ಗುಡುಗಿದ. ನಾನು ಹೌದು ಎನ್ನಲಿಲ್ಲ, ದೇವರಾಣೆ. ಇಲ್ಲ ಎಂದೂ ಅನ್ನಲಿಲ್ಲ. ಆಚೆ ಕಾಲೇಜಿನ ಕ್ಯಾಪ್ಟನ್ ಲ್ಯಾನ್ಸಿ ಎಂಬ ಗುಂಗುರು ಕೂದಲಿನವನು ಏಕೋ ಮುಗುಳ್ನಕ್ಕ. ಆ ನಗುವೇ ಸಾಕ್ಷಿಯಾಯಿತು. ಪಂದ್ಯದ ಬದಲು ಕೈ ಕೈ ಮಿಲಾಯಿಸಿದರು. ಮರುದಿನ ಪ್ರಾಂಶುಪಾಲರು ತಂಡವನ್ನು ಬರಖಾಸ್ತು ಮಾಡಿ, ಇನ್ನು ಮೇಲೆ ಕೇರಂ ಸಾಕು ಎಂದು ಸೂಚನಾ ಫಲಕದಲ್ಲಿ ಹಾಕಿಸಿದರು. ಮುಂದೆ ವಿಧಿ ಎಂಥ ಕುಚೇಷ್ಟೆ ಮಾಡಿತೆಂದರೆ, ನನಗೆ ಬಂದ ಸಂಬಂಧ ಆ ಲ್ಯಾನ್ಸಿಯ ತಂಗಿಯದೇ. ಮದುವೆಯಾದೆ. ಚೆಂಡಿನ ವಿಷಯ ಮಾತ್ರ ಬಾಯಿಬಿಡಲಿಲ್ಲ.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ, ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಆಫೀಸಿಗೆ ಹಮೀದ್ ಬಂದ. ಅವನೀಗ ಮನಾಮಾದಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದಾನೆ. ಹೊಟ್ಟೆ ಬಂದಿದೆ, ಧ್ವನಿ ಹಾಗೇ ಇದೆ. "ಗೊತ್ತುಂಟಾ ಮಾರಾಯ? ಶೆಟ್ಟಿ ಮಾಸ್ಟ್ರು ಬಂದಿದ್ದಾರೆ! ಅವಾಲಿಯಲ್ಲಿ ಮಗಳ ಮನೆಯಲ್ಲಿ. ನಾವು ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸನ್ಮಾನ ಮಾಡ್ಬೇಕು. ನಮ್ಮ ಟೀಮಿನ ಚರಿತ್ರೆ ನೀನೇ ಬರೆದು ಓದ್ಬೇಕು" ಎಂದ. ಯಾಕೆ ನಾನು ಎಂದರೆ, ನಾನು ಸಾಹಿತಿ. ಊರಿನ ವಾರಪತ್ರಿಕೆಯೊಂದಕ್ಕೆ ಬಸ್ ನಿಲ್ದಾಣದ ಶೌಚಾಲಯದ ಕುರಿತು ನಾನು ಬರೆದ ಪತ್ರ ಹಿಂದೊಮ್ಮೆ ಅಚ್ಚಾಗಿತ್ತು.

ಶನಿವಾರ ಬೆಳಿಗ್ಗೆ ಹಮೀದನ ಕಾರಿನಲ್ಲಿ ಅವಾಲಿಗೆ ಹೋದೆವು. ಸಾಲು ಮನೆಗಳ ನಡುವೆ ಒಂದು ಅಂಗಳದಲ್ಲಿ ಮಾಸ್ಟ್ರು ಮಂಕಿ ಟೋಪಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಹಮೀದನನ್ನು ತಬ್ಬಿಕೊಂಡರು. ನನ್ನನ್ನು ದಿಟ್ಟಿಸಿ ನೋಡಿ, "ಹಾಂ... ಸೈಕಲ್!" ಎಂದರು. ಚಹಾ ಕುಡಿಯುತ್ತಾ ಮಾತು ಆ ದಿನಕ್ಕೇ ಬಂತು. ಮಾಸ್ಟ್ರ ಮುಖ ಗಂಭೀರವಾಯಿತು. "ಆ ಚೆಂಡು ಹೋಯ್ತು, ನನ್ನ ಟೀಮೂ ಹೋಯ್ತು. ರಿಟೈರ್ ಆಗುವವರೆಗೆ ನಾನು ಕೇರಂ ಬೋರ್ಡಿಗೆ ಪೌಡರ್ ಹಾಕಿದೆ. ಕದ್ದವನನ್ನು ಸಾಯುವ ಮೊದಲು ಒಮ್ಮೆ ನೋಡ್ಬೇಕು ನಂಗೆ."

"ಅಯ್ಯೋ ಸರ್, ಅವ ಇಲ್ಲೇ ಇದ್ದಾನೆ, ಹೋಟೆಲಿನಲ್ಲಿ ಮ್ಯಾನೇಜರು! ಇವನ ಭಾವಮೈದುನ!" ಎಂದ ಹಮೀದ್.

ಮಾಸ್ಟ್ರು ಕಪ್ಪು ಕೆಳಗಿಟ್ಟರು. "ಸನ್ಮಾನದ ದಿನ ಅವನನ್ನು ಕರ್ಕೊಂಡು ಬಾ. ಎಲ್ಲರ ಎದುರು ಅವನಿಗೆ ಒಂದು ಕೊಡ್ಲಿಕ್ಕುಂಟು."

ಮಾಸ್ಟ್ರು ಹಿಂದೆ ಕೊಡುತ್ತಿದ್ದದ್ದು ಏನೆಂದು ನನ್ನ ಬೆನ್ನಿಗೆ ಇನ್ನೂ ನೆನಪಿದೆ. ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ. ಲ್ಯಾನ್ಸಿ ಸಾಧು ಮನುಷ್ಯ. ನನ್ನ ಮಗಳಿಗೆ ಒಬ್ಬನೇ ಮಾವ. ಅವನು ಐವತ್ತರ ಹತ್ತಿರ ಬಂದ ಮೇಲೆ, ಹೆಂಡತಿ ಮಕ್ಕಳೆದುರು, ನನ್ನ ತಲೆಯ ತಪ್ಪಿಗೆ ಅವನ ಕೆನ್ನೆ ಪೆಟ್ಟು ತಿನ್ನುವುದೇ? ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಅವನನ್ನು ಪಾರ್ಕಿಂಗ್ ಜಾಗದ ಮೂಲೆಗೆ ಕರೆದು ಎಲ್ಲವನ್ನೂ ಹೇಳಿದೆ. ಸೇತುವೆ, ವೀಕ್ಷಕ ವಿವರಣೆ, ಹೆಡರ್, ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ಕ್ಷಮಿಸು ಲ್ಯಾನ್ಸಿ. ನಾಳೆಯೇ ಹೋಗಿ ಮಾಸ್ಟ್ರಿಗೆ ನಿಜ ಹೇಳ್ತೇನೆ" ಎಂದೆ.

ಲ್ಯಾನ್ಸಿ ನನ್ನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು ಬರುತ್ತದೆಂದು ನಾನು ಕಾದೆ. "ಭಾವ, ನಿಮ್ಮ ಕಾಲಿಗೆ ಬೀಳ್ತೇನೆ, ಬಾಯಿ ಬಿಡ್ಬೇಡಿ!" ಎಂದ. "ನಮ್ಮ ಹುಡುಗರಲ್ಲೇ ಯಾರೋ ಕದ್ದದ್ದು ಅಂತ ನಾನು ಇಷ್ಟು ವರ್ಷ ತಿಳ್ಕೊಂಡದ್ದು. ಕ್ಯಾಪ್ಟನ್ ಅಲ್ವಾ, ನಾನೇ ಕದ್ದದ್ದು ಅಂತ ಹೇಳಿದೆ. ಅದರಿಂದಲೇ ನಾನು ಕಾಲೇಜಿನಲ್ಲಿ ಯೂನಿಯನ್ ಪ್ರೆಸಿಡೆಂಟ್ ಆದದ್ದು! ನನ್ನ ಮಕ್ಕಳಿಗೆ ಮಲಗುವಾಗ ಆ ಕಥೆಯೇ ಆಗ್ಬೇಕು. ಈಗ ಅದರಲ್ಲಿ ನಾನು ಚೆಂಡು ಹಿಡ್ಕೊಂಡು ಹೊಳೆ ಈಜುವುದೂ ಉಂಟು."

"ನಿನಗೆ ಈಜು ಬರ್ತದಾ?"

"ಇಲ್ಲ. ಆದ್ರೆ ಅದನ್ನು ಯಾರೂ ಕೇಳಿಲ್ಲ."

"ಮಾಸ್ಟ್ರು ಹೊಡೆದ್ರೆ?"

"ಹೊಡೀಲಿ ಭಾವ. ತಡ್ಕೊಳ್ತೇನೆ" ಎಂದ. ಅವನ ಮುಖದಲ್ಲಿ ಹುತಾತ್ಮನ ಕಳೆಯಿತ್ತು. ಒಂದೇ ಸುಳ್ಳನ್ನು ಎರಡೂ ತುದಿಯಿಂದ ಹಿಡಿದುಕೊಂಡು, ಪ್ರತಿ ಶುಕ್ರವಾರ ಒಟ್ಟಿಗೆ ಊಟ ಮಾಡಿದವರು ನಾವು.

ಸನ್ಮಾನ ಮುಂದಿನ ಶುಕ್ರವಾರ ಮಧ್ಯಾಹ್ನ, ಮನಾಮಾದ ಒಂದು ರೆಸ್ಟೋರೆಂಟಿನ ಮಹಡಿಯ ಹಾಲಿನಲ್ಲಿ. ಅರವತ್ತು ಎಪ್ಪತ್ತು ಜನ ಸೇರಿದ್ದರು. ನಾನು ಚರಿತ್ರೆ ಓದಿದೆ. ಹಮೀದ್ ತಿದ್ದಿಕೊಟ್ಟ ಚರಿತ್ರೆಯಾದ್ದರಿಂದ ಅದರಲ್ಲಿ ನಾವು ಬಹಳ ಪಂದ್ಯಗಳನ್ನು ಗೆದ್ದಿದ್ದೆವು. "ಕೊನೆಗೆ ಚೆಂಡು ಕಳುವಾಗಿ ತಂಡ ನಿಂತಿತು" ಎಂದು ಮುಗಿಸಿದಾಗ ಮಾಸ್ಟ್ರು ಎದ್ದು ಮೈಕ್ ಹಿಡಿದು, "ಎಲ್ಲಿ ಆ ಲ್ಯಾನ್ಸಿ? ಮೇಲೆ ಬಾ" ಎಂದರು. ಲ್ಯಾನ್ಸಿ ಕೆನ್ನೆ ಗಟ್ಟಿ ಮಾಡಿಕೊಂಡು ವೇದಿಕೆ ಹತ್ತಿದ. ನಾನು ಕಣ್ಣು ಮುಚ್ಚಿಕೊಂಡೆ.

ಪೆಟ್ಟಿನ ಸದ್ದು ಬರಲಿಲ್ಲ. ಕಣ್ಣು ತೆರೆದು ನೋಡಿದರೆ, ಮಾಸ್ಟ್ರು ಈಗಷ್ಟೇ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಲ್ಯಾನ್ಸಿಗೆ ಹೊದಿಸುತ್ತಿದ್ದಾರೆ! "ನಾಲ್ಕು ವರ್ಷ ಈ ಟೀಮನ್ನು ಕಟ್ಟಿದೆ. ಒಂದು ನರಪಿಳ್ಳೆಯೂ ನಮಗೆ ಹೆದರಲಿಲ್ಲ. ಆ ಬಸ್ಸಿನವರೂ ದಾರಿ ತಪ್ಪಿದ್ದು, ಹೆದರಿದ್ದಲ್ಲ. ನಮ್ಮ ಟೀಮಿಗೆ ಹೆದರಿ ಚೆಂಡನ್ನೇ ಕದ್ದವ ಅಂದ್ರೆ ಇವನೊಬ್ಬನೇ. ನನ್ನ ಸರ್ವಿಸಿಗೆ ಸಿಕ್ಕಿದ ಮರ್ಯಾದೆ ಅಂದ್ರೆ ಅದೊಂದೇ" ಎಂದರು. ಹಾಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹಮೀದ್ ಕಣ್ಣೊರೆಸಿಕೊಂಡ. ಲ್ಯಾನ್ಸಿಯ ಮಕ್ಕಳು ಕುರ್ಚಿ ಹತ್ತಿ ಕುಣಿದರು. ನನ್ನ ಮಗಳೂ ಶಿಳ್ಳೆ ಹಾಕಿದಳು.

ಓದುಗರೇ, ಆಗ ನನಗಾದದ್ದನ್ನು ಮುಚ್ಚಿಡುವುದಿಲ್ಲ. ಬೆಟ್ಟದಂಥ ಭಾರ ಇಳಿಯಬೇಕಿತ್ತು. ಬದಲಿಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಕಷ್ಟಪಟ್ಟು ಚೆಂಡು ಕಳೆದವನು ನಾನು, ಮೊಣಕೈ ಕೆತ್ತಿಸಿಕೊಂಡವನು ನಾನು, ಶಾಲು ಅವನಿಗೆ! ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮೈಕಿನ ಮುಂದೆ ನಿಂತಿದ್ದೆ. "ಸುಳ್ಳು! ಯಾರೂ ಕದ್ದದ್ದಲ್ಲ. ಸೇತುವೆಯ ಮೇಲೆ ಸೈಕಲ್ ಬಿಡ್ತಾ, ಕಾಮೆಂಟ್ರಿ ಹೇಳ್ತಾ, ನಾನೇ ಹೆಡ್ ಮಾಡಿ ಹೊಳೆಗೆ ಹಾಕಿದ್ದು!" ಎಂದು ಕೂಗಿದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಗು ಶುರುವಾದದ್ದು ನಿಲ್ಲಲೇ ಇಲ್ಲ. "ಖಲ್ಲಿವಲ್ಲಿ, ಬಿಟ್ಟುಬಿಡು ಮಾರಾಯ, ಕೂತ್ಕೋ" ಎಂದು ಹಮೀದ್ ತೋಳು ಹಿಡಿದೆಳೆದ. ಮಾಸ್ಟ್ರು ನನ್ನನ್ನು ಕರುಣೆಯಿಂದ ನೋಡಿದರು. "ನೀನು ಹೆಡ್ ಮಾಡಿದ್ದಾ? ನೀನು? ನಾಲ್ಕು ವರ್ಷದಲ್ಲಿ ಒಮ್ಮೆಯಾದ್ರೂ ಚೆಂಡು ನಿನ್ನ ತಲೆಗೆ ತಾಗಿದ್ದುಂಟಾ?" ಎಂದು ಕೇಳಿ, ಸಭೆಯ ಕಡೆ ತಿರುಗಿ, "ಈ ಬರೆಯುವವರದ್ದು ಇದೇ ಕಷ್ಟ. ಎಲ್ಲದರಲ್ಲೂ ಅವರ ಹೆಸರು ಬರ್ಬೇಕು" ಎಂದರು. ಮತ್ತೆ ಚಪ್ಪಾಳೆ. ಬಿರಿಯಾನಿ ಬಂತು. ನಾನು ಒಂದು ಮೂಲೆಯಲ್ಲಿ ಕೂತು ತಿಂದೆ.

ಮನೆಗೆ ಬರುವಾಗ ಕಾರಿನಲ್ಲಿ ಫಿಲೋಮಿನಾ ನನ್ನ ಪಕ್ಕ ಕೂತಿದ್ದಳು. ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು. ಸಲ್ಮಾನಿಯಾದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಫಿಲೋಮಿನಾ ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ಎಷ್ಟು ಜನ ನಕ್ಕರೂ ನಾನು ನಿಮ್ಮನ್ನು ನಂಬ್ತೇನೆ" ಎಂದಳು.

ಇಡೀ ಬಹರೈನ್ ಕೈಬಿಟ್ಟರೂ ಕೈಹಿಡಿದವಳು ಬಿಡಲಿಲ್ಲವಲ್ಲ! "ನಿಜವಾಗಿಯೂ? ಅದು ಹೇಗೆ ನಂಬಿಕೆ ಬಂತು?" ಎಂದೆ.

"ಕದಿಯಲಿಕ್ಕೆ ಸ್ವಲ್ಪ ಬುದ್ಧಿ ಬೇಕು ಮಾರಾಯ್ರೆ. ಸೈಕಲ್ ಬಿಡುತ್ತಾ, ತನಗೆ ತಾನೇ ಕಾಮೆಂಟ್ರಿ ಹೇಳ್ಕೊಂಡು, ಇದ್ದ ಒಂದೇ ಚೆಂಡನ್ನು ತಲೆಯಿಂದ ಹೊಳೆಗೆ ಹೊಡೆಯುವ ಇನ್ನೊಬ್ಬ ಮನುಷ್ಯ ಈ ಭೂಮಿ ಮೇಲೆ ಇರ್ಲಿಕ್ಕಿಲ್ಲ" ಎಂದಳು.

ಹಸಿರು ದೀಪ ಬಂತು. ಹಿಂದಿನ ಕಾರಿನವನು ಹಾರ್ನ್ ಹಾಕಿದ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಅವಳು ನನ್ನ ಮಾತನ್ನು ಪೂರ್ತಿ ನಂಬಿದ್ದು ಅದೇ ಮೊದಲು.