ಅತ್ತೆಯ ಹೊಟ್ಟೆಯೊಳಗಿನ ಅತಿಥಿಗಳು

ಕಾನ್ವೆಂಟಿನಲ್ಲಿ ಕಪ್ಪೆಯ ಜೀರ್ಣಾಂಗದ ಚಿತ್ರ ಬಿಡಿಸಿ ಸಿಸ್ಟರಿಂದ ‘ಗುಡ್’ ಬರೆಸಿಕೊಂಡವಳು ನಾನು. ಹಾಗಾಗಿ ವೈದ್ಯವಿಜ್ಞಾನ ನನಗೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ ಎಂಬ ನಂಬಿಕೆ ಇತ್ತು.

ಅತ್ತೆಗೆ ಕಣ್ಣಿನ ಪೊರೆ. ಪೇಪರಿನ ಅಕ್ಷರಗಳು ಇರುವೆಗಳ ಹಾಗೆ ಓಡುತ್ತವೆಯಂತೆ. ದಿನಾ ನಾನೇ ಓದಿ ಹೇಳಬೇಕು. ಶುಗರ್ ಇಳಿಯದೆ ಆಪರೇಶನ್ ಇಲ್ಲ ಎಂದು ದರ್ಬೆ ಪೇಟೆಯ ಕಣ್ಣಿನ ಡಾಕ್ಟರು ಎರಡು ಸಲ ಮುಂದೂಡಿದ್ದರು.

ಆಗಲೇ ಪೇಪರಿನಲ್ಲಿ ಸಂಶೋಧನೆಯ ಸುದ್ದಿ ಬಂತು. ಬೇಯಿಸಿ ತಣಿಸಿಟ್ಟ ಅನ್ನದ ಪಿಷ್ಟದಲ್ಲಿ ಒಂದು ಪಾಲು ನಮಗೆ ಜೀರ್ಣವಾಗುವುದಿಲ್ಲ. ಅದು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳ ಆಹಾರ! ಗಂಟಲು ಸರಿಮಾಡಿಕೊಂಡು ವಿವರಿಸಿದೆ.

“ತಂಗಳು ಗಂಜಿ ನಮಗಲ್ಲ ಅತ್ತೆ, ಹೊಟ್ಟೆಯೊಳಗಿನ ಹುಳಗಳಿಗೆ.”

“ಅಯ್ಯೋ, ನನ್ನ ಹೊಟ್ಟೆಯಲ್ಲಿ ಹುಳ ಉಂಟಾ?”

“ಒಳ್ಳೆ ಹುಳಗಳು. ಅವು ಉಂಡ್ರೆ ನಿಮಗೇ ಒಳ್ಳೆದು, ಶುಗರ್ ಏರುದಿಲ್ಲ.”

“ಹಾಗಾದ್ರೆ ಹಾಕುವ, ಪಾಪ.”

ಮರುದಿನದಿಂದ ತಣ್ಣಗಿನ ಕುಚ್ಚಲಕ್ಕಿ ಗಂಜಿ ಶುರುವಾಯಿತು. ಹುಳಗಳಿಗೆ ಸಪ್ಪೆಯಾಗಬಾರದೆಂದು ಅತ್ತೆ ಒಂದು ಮಿಡಿ ಉಪ್ಪಿನಕಾಯಿಯನ್ನೂ ಹಾಕಿಸಿಕೊಂಡರು.

“ಡಾಕ್ಟ್ರ ಹತ್ರ ಒಂದು ಮಾತು ಕೇಳುದಲ್ವಾ ಮಾರಾಯ್ತಿ?” ಅಂದರು ನನ್ನವರು.

“ಸಂಶೋಧನೆ ಆಗಿದೆ,” ಅಂದೆ. ಅಲ್ಲಿಗೆ ಚರ್ಚೆ ಮುಕ್ತಾಯ!

ಡಾಕ್ಟರು ಮತ್ತೊಂದು ದಿನ ಕೊಟ್ಟು, ಆಪರೇಶನ್‌ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರು. ಹೋದೆವು. ಶುಗರ್ ನೋಡಿದ ನರ್ಸ್ ಇನ್ನೊಮ್ಮೆ ನೋಡಿದರು.

“ಅಜ್ಜಿ, ಬೆಳಿಗ್ಗೆ ಎಂತ ತಿಂದದ್ದು?”

“ನಾನಾ? ಒಂದು ಗುಟುಕು ಚಾ ಸಹ ಇಲ್ಲ.”

“ನಿಜ ಹೇಳಿ.”

“ನಾನು ಉಪವಾಸವೇ. ಇವಳು ಸೀರೆ ಉಡುವಾಗ ಹುಳಗಳಿಗೆ ಮಾತ್ರ ಎರಡು ಬಟ್ಟಲು ಗಂಜಿ ಹಾಕಿದ್ದು. ಅವುಕ್ಕೆ ಆಪರೇಶನ್ ಇಲ್ಲಲ್ಲ!”

ನರ್ಸ್ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡಿದೆ.

ಆಪರೇಶನ್ ಮೂರನೆಯ ಸಲ ಮುಂದೆ ಹೋಯಿತು. ಆಸ್ಪತ್ರೆಯ ಮೆಟ್ಟಿಲನ್ನು ಅತ್ತೆ ಚಪ್ಪಲಿಯ ತುದಿಯಿಂದ ತಡವಿ ಹುಡುಕುತ್ತಾ ಇಳಿದರು.

ಮನೆಗೆ ಬಂದವಳೇ ಆ ಪೇಪರ್ ಹುಡುಕಿದೆ. ತುರಿಮಣೆಯ ಅಡಿಯಲ್ಲಿ ಸಿಕ್ಕಿತು. ಸುದ್ದಿ ಏಳನೆಯ ಪುಟದಲ್ಲಿ ಮುಂದುವರಿದಿತ್ತು! ತೆಂಗಿನ ತುರಿ ಕೊಡವಿ, ಅತ್ತೆಗೆ ಕೇಳುವಂತೆ ಓದಿದೆ: ಜೀರ್ಣವಾಗದ್ದು ಒಂದು ಸಣ್ಣ ಪಾಲು ಮಾತ್ರ, ಉಳಿದದ್ದೆಲ್ಲ ಸಕ್ಕರೆಯಾಗಿ ರಕ್ತಕ್ಕೇ ಸೇರುತ್ತದೆ, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಉಣ್ಣಬೇಕು.

ಅತ್ತೆ ನನ್ನ ಕೈ ಹುಡುಕಿ ಹಿಡಿದರು.

“ಬೇಜಾರು ಮಾಡ್ಬೇಡ ಮಗಾ. ಈ ಕಣ್ಣೊಂದು ಸರಿಯಾಗ್ಲಿ. ಮತ್ತೆ ಪೇಪರ್ ನಾನೇ ಓದ್ತೇನೆ. ಏಳನೇ ಪುಟ ಸಹ. ನಿನಗೂ ಓದಿ ಹೇಳ್ತೇನೆ!”