ಗುಬ್ಬಿ ಹಾರುವಷ್ಟು ಭಾರ

ಏರ್‌ಗನ್ ಎಷ್ಟು ಭಾರ ಇರಬೇಕು ಎಂದು ನಾನು ಈಗ ಯಾರನ್ನೂ ಕೇಳುವುದಿಲ್ಲ. ಕೇಳಿದಾಗಲೆಲ್ಲ ಏನಾದರೊಂದು ಆಗಿದೆ.

ಮೂಡಲಗಿ ಇನ್ನೂ ತಾಲ್ಲೂಕು ಆಗಿರದ ಕಾಲ. ನಾವು ಮೂವರು: ಗೋಕಾಕದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ನಾನು, ಅಲ್ಲಿಯದೇ ಹೈಸ್ಕೂಲಿನ ಡ್ರಿಲ್ ಮಾಸ್ತರರು, ಮೂಡಲಗಿಯ ಬೆಲ್ಲದ ವ್ಯಾಪಾರಿ. ಭಾನುವಾರ ಗುಡ್ಡದ ಕಲ್ಲು ಕಂಟಿಗಳ ನಡುವೆ ತಗಡಿನ ಹಕ್ಕಿಗಳನ್ನು ನಿಲ್ಲಿಸಿ ಏರ್‌ಗನ್ನಿನಿಂದ ಹೊಡೆಯುತ್ತಿದ್ದೆವು. ಹಕ್ಕಿಯ ಎದೆಯಲ್ಲೊಂದು ತೂತು. ಗುಂಡು ಅದರೊಳಗೆ ಹೋದರೆ ಕೊಂಡಿ ಕಳಚಿ ಹಕ್ಕಿ ಬೀಳುತ್ತದೆ. ಒಂದನ್ನು ಹೊಡೆದು ಇನ್ನೊಂದರ ಕಡೆಗೆ ಬಂದೂಕು ಹೊತ್ತು ನಡೆಯಬೇಕು. ಬಂದೂಕು ಭಾರವಿದ್ದರೆ ಗುರಿ ಅಲುಗುವುದಿಲ್ಲ, ಕೈ ಸೋಲುತ್ತದೆ. ಹಗುರವಿದ್ದರೆ ಕೈ ಸೋಲುವುದಿಲ್ಲ, ಗುರಿ ಅಲುಗುತ್ತದೆ.

ಮೂವರಲ್ಲಿ ಗುರಿ ಇದ್ದದ್ದು ವ್ಯಾಪಾರಿಗೆ. ಬಂದೂಕು ಇದ್ದದ್ದು ನಮ್ಮಿಬ್ಬರಿಗೆ. ಅಷ್ಟರಲ್ಲಿ ಹುಕ್ಕೇರಿಯ ಗೆಳೆಯರು ಪಂದ್ಯ ಇಟ್ಟು, ಪ್ರತಿಯೊಬ್ಬರೂ ಸ್ವಂತ ಬಂದೂಕು ತರಬೇಕೆಂದರು. ವ್ಯಾಪಾರಿಯದು ಜೈನರ ಮನೆ. ಬಂದೂಕು ಆ ಹೊಸಿಲು ದಾಟಬೇಕಾದರೆ ಅವರ ತಾಯಿ ಹೂಂ ಅನ್ನಬೇಕು.

ಮಾಸ್ತರರ ಪಟ್ಟಿ

ಮಾಸ್ತರರು ತಾಲೀಮಿನ ಗರಡಿಮನೆಯಲ್ಲಿ ಬೆಳೆದವರು. ಭಾರ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ. ನಳಿಗೆಯ ಕೆಳಗೆ ಕಬ್ಬಿಣದ ಪಟ್ಟಿ ಬಿಗಿದು, ಸಾಲದೆಂದು ಹಿಂದೆಯೂ ಒಂದು ಬಿಗಿದರು. ಮೊದಲ ಹಕ್ಕಿ ಬಿತ್ತು.

"ನೋಡ್ರಿ, ಹೆಂಗ ಕಲ್ಲಿನಂಗ ನಿಂತಿತ್ತ!" ಎಂದರು.

ಗುಡ್ಡ ಏರುತ್ತ ಹೋದಂತೆ ಅವರ ಮಾತು ಕಡಿಮೆಯಾಯಿತು. ಕೊನೆಯ ಹಕ್ಕಿಯ ಎದುರು ನಿಂತಾಗ ನಳಿಗೆಯು ಹಕ್ಕಿಯೊಂದನ್ನು ಬಿಟ್ಟು ಸುತ್ತಲಿನ ಎಲ್ಲವನ್ನೂ ತೋರಿಸುತ್ತಿತ್ತು.

"ಮಾಸ್ತರ, ಬಂದೂಕು ಅಲುಗಾಡಾಕತ್ತೈತಿ," ಎಂದೆ.

"ಬಂದೂಕು ಗಟ್ಟಿ ಐತ್ರಿ," ಎಂದರು ಹಲ್ಲು ಕಚ್ಚಿ. "ಅಲುಗಾಡಾಂವ ನಾನು."

ನಳ ಬಂದ ಹೊತ್ತು

ಭಾರದ ಬಂದೂಕನ್ನು ದಿನಾಲೂ ಸ್ವಲ್ಪ ಹೊತ್ತು ಎತ್ತಿ ಹಿಡಿದರೆ ತೋಳು ಹೊಂದಿಕೊಳ್ಳುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಬೆಳಿಗ್ಗೆ ಪಡಸಾಲೆಯಲ್ಲಿ ಗೋಡೆಯ ಮೊಳೆಗೆ ಗುರಿ ಹಿಡಿದು ನಿಲ್ಲತೊಡಗಿದೆ. ಹೆಂಡತಿ ಕೆಲವು ದಿನ ನೋಡಿ, ಒಂದು ಬೆಳಿಗ್ಗೆ ಕೇಳಿದಳು:

"ರೀ, ಎಷ್ಟ ಭಾರ ಐತಿ ಅದು?"

"ಅರ್ಧ ಕೊಡ ನೀರಿನಷ್ಟು."

"ಹಂಗಾದ್ರ ಪೂರಾ ಕೊಡಾನ ಹಿಡೀರಿ. ನಳಾ ಬಂದೈತಿ."

ಓದಿದ್ದು ಸುಳ್ಳಾಗಲಿಲ್ಲ. ದಿನಾಲೂ ಕೊಡ ಹೊತ್ತು ತೋಳು ಗಟ್ಟಿಯಾಯಿತು. ಆದರೆ ಓಣಿಯ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ನನ್ನನ್ನು ತೋರಿಸತೊಡಗಿದ ಮೇಲೆ ಓಣಿಯ ಗಂಡಸರು ನನ್ನ ಸಂಗಡ ಮಾತು ಬಿಟ್ಟರು.

ಬೆಲ್ಲದ ತಕ್ಕಡಿ

ಪಂದ್ಯ ಹತ್ತಿರ ಬಂತು. ಅಂಗಡಿಯವನೊಬ್ಬ ಎರಡು ಬಂದೂಕು ಕೊಟ್ಟು, ನೋಡಿ ಒಂದನ್ನು ಇಟ್ಟುಕೊಳ್ಳಿ ಎಂದ. ಒಂದು ಹಗುರ, ಇನ್ನೊಂದು ಭಾರ. ವ್ಯಾಪಾರಿಯ ಮನಸ್ಸು ಹಗುರದ್ದರ ಮೇಲಿತ್ತು. ಆದರೂ ತೂಗದೆ ಯಾವುದನ್ನೂ ನಂಬುವವರಲ್ಲ. ಎರಡನ್ನೂ ಮೂಡಲಗಿಗೆ ಒಯ್ದು, ಬೆಲ್ಲ ತೂಗುವ ತಕ್ಕಡಿಯಲ್ಲಿ ಒಂದೊಂದಾಗಿ ಮಲಗಿಸಿದರು. ನಾಗನೂರಿನಿಂದ ಬೆಲ್ಲ ತಂದಿದ್ದ ರೈತನೊಬ್ಬ ಅಲ್ಲೇ ಕುಳಿತು ನೋಡುತ್ತಿದ್ದ.

"ಸಾವ್ಕಾರ್ರ, ತೂಕ ಬರೋಬರಿ ಹಿಡದೀರೇನ್ರಿ?"

"ಹೂಂ, ಯಾಕ?"

"ನಮ್ಮ ಬೆಲ್ಲ ಹಸಿ ಐತಿ ಅಂತ ತೂಕದಾಗ ಕಡೀತೀರಲ್ರಿ. ಇದರಾಗ ಏನೂ ಕಡಿಯಂಗಿಲ್ಲೇನು?"

ಅಂದು ಅವನ ಬೆಲ್ಲ ಪೂರಾ ತೂಕಕ್ಕೆ ಹೋಯಿತು.

ಅವ್ವನ ಪರೀಕ್ಷೆ

ಅದೇ ಸಂಜೆ ನಾವು ಮೂವರೂ ವ್ಯಾಪಾರಿಯ ಮನೆಯಲ್ಲಿ ಅವರ ತಾಯಿಯ ಎದುರು ಕುಳಿತೆವು. ಎರಡೂ ಬಂದೂಕು ಹೊರಗೆ ಕಟ್ಟೆಯ ಮೇಲಿದ್ದವು.

"ತಗಡಿನ ಹಕ್ಕಿ ಅವ್ವಾರ, ಜೀವ ಇಲ್ಲ," ಎಂದೆ.

"ತಗಡಿಂದಾದ್ರೇನು, ಹಿಟ್ಟಿಂದಾದ್ರೇನು? ಹೊಡಿಯಾಂವನ ಮನಸಿನಾಗ ಅದು ಹಕ್ಕಿನ ಅಲ್ಲೇನು?"

ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು ಜನ್ಮ ಜನ್ಮ ಅಲೆದ ರಾಜನ ಕಥೆ ನನಗೂ ಗೊತ್ತಿತ್ತು.

"ಹಕ್ಕಿ ಬಿಟ್ಟು ಉಳ್ಳಾಗಡ್ಡಿ ಮಾಡಿಸಿದ್ರ?" ಎಂದು ಮಾಸ್ತರರು ಕೈಯಲ್ಲಿ ಈರುಳ್ಳಿಯ ಆಕಾರ ತೋರಿಸಿದರು.

ಅವ್ವ ಯೋಚಿಸಿದರು. "ಉಳ್ಳಾಗಡ್ಡಿ ಬೇಕಾದಷ್ಟು ಹೊಡ್ಕೊರ್ರಿ. ಹೆಂಗೂ ಅದನ್ನ ನಮ್ಮ ಮನ್ಯಾಗ ತರಂಗಿಲ್ಲ."

ಆಮೇಲೆ ಕಟ್ಟೆಗೆ ಬಂದು ಹಗುರದ ಬಂದೂಕನ್ನು ಎತ್ತಿ ನೋಡಿದರು. "ಇದು ಬ್ಯಾಡ. ಗುಬ್ಬಿ ಕಂಡ ಕೂಡ್ಲೇ ಕೈಗಿ ಬರತೈತಿ." ಭಾರದ್ದನ್ನು ಎತ್ತಲು ಹೋಗಿ ಅರ್ಧಕ್ಕೇ ಇಳಿಸಿದರು. "ಇದ ಇರಲಿ. ಇಂವ ಎತ್ತೂದ್ರಾಗ ಗುಬ್ಬಿ ಹಾರಿ ಹೋಗತೈತಿ."

"ಅವ್ವಾ, ನನಗ ಹಗೂರಂದ..." ಎಂದು ಮಗ ಬಾಯಿ ತೆರೆದರು.

"ಒಂದ ಒಂದು ಪುಕ್ಕ ಉದುರಿದ್ರೂ ಬಂದೂಕು ಬಾವಿಗಿ. ತಿಳೀತ?"

ಬಂದೂಕು ಆರಿಸುವ ಪುಸ್ತಕಗಳಲ್ಲಿ ಈ ಲೆಕ್ಕ ನಾನು ಎಲ್ಲೂ ಕಂಡಿರಲಿಲ್ಲ.

ಹುಕ್ಕೇರಿಯಲ್ಲಿ

ಹುಕ್ಕೇರಿಯವರು ಉಳ್ಳಾಗಡ್ಡಿಗೆ ಒಪ್ಪಿದರು; ತಗಡಿನಲ್ಲಿ ಕತ್ತರಿಸಲು ಹಕ್ಕಿಗಿಂತ ಅದೇ ಸುಲಭ. ಪಂದ್ಯದ ದಿನ ಅವ್ವ ಕೂಡ ನಮ್ಮ ಸಂಗಡ ಬಸ್ಸು ಹತ್ತಿದರು. ಮಗನ ಮಾತಿನ ಮೇಲೆ ಬಿಡುವವರಲ್ಲ.

ಭಾರದ ಬಂದೂಕು ಹೊತ್ತು ವ್ಯಾಪಾರಿ ಬೆವರಿ ನೀರಾದರು. ಆದರೆ ಗುರಿ ಅಲುಗಲಿಲ್ಲ. ಕೊನೆಯ ಉಳ್ಳಾಗಡ್ಡಿಯೊಂದು ಬಿದ್ದರೆ ಗೆಲುವು ನಮ್ಮದು. ಅವರು ನೆಲಕ್ಕೆ ಕುಳಿತು, ಮೊಣಕಾಲ ಮೇಲೆ ಬಂದೂಕು ಇಟ್ಟು ಕಣ್ಣು ಕಿರಿದು ಮಾಡಿದರು. ಆಗಲೇ ಒಂದು ಗುಬ್ಬಿ ಬಂದು ಆ ಉಳ್ಳಾಗಡ್ಡಿಯ ನೆತ್ತಿಯ ಮೇಲೆ ಕುಳಿತಿತು.

ತೀರ್ಪು ಕೊಡುವ ಪಂಚರ ಕೈಯಲ್ಲಿ ಗಡಿಯಾರ ಓಡುತ್ತಿತ್ತು. ಗುಬ್ಬಿ ಸಾವಕಾಶವಾಗಿ ರೆಕ್ಕೆ ಕೆದರಿಕೊಳ್ಳುತ್ತಿತ್ತು.

"ಹೊಡೀರಿ ಸಾವ್ಕಾರ್ರ," ಎಂದು ಮಾಸ್ತರರು ಪಿಸುಗುಟ್ಟಿದರು. "ಗುಬ್ಬಿ ಮ್ಯಾಲೈತಿ, ತೂತು ಕೆಳಗೈತಿ."

"ಅವ್ವ ಹಿಂದ ಅದಾಳ," ಎಂದರು ವ್ಯಾಪಾರಿ, ಕದಲದೆ.

"ಹೊತ್ತು ಮುಗ್ಯಾಕ ಬಂತು!" ಎಂದು ಪಂಚರು ಕೂಗಿದರು. ಅದೇ ಕ್ಷಣಕ್ಕೆ ಹಿಂದಿನಿಂದ ಚಪ್ಪಾಳೆಯ ಸಪ್ಪಳ, "ಹುಶ್!" ಎಂಬ ದನಿ. ಗುಬ್ಬಿ ಹಾರಿತು. ಅಷ್ಟು ಹೊತ್ತೂ ಕೂದಲೆಳೆಯಷ್ಟು ಸರಿಯದಿದ್ದ ಬಂದೂಕು ಸಿಡಿಯಿತು. ಉಳ್ಳಾಗಡ್ಡಿ ಬಿತ್ತು.

ಹುಕ್ಕೇರಿಯವರು ಪಂಚರನ್ನು ಸುತ್ತುವರಿದರು. "ಇದು ನಡಿಯಂಗಿಲ್ರಿ! ಆಡೋರಿಗೆ ಹೊರಗಿನವರು ಸಹಾಯ ಮಾಡೂಹಂಗಿಲ್ಲ. ಅವ್ವಾರು ಮಗಗ ಸಹಾಯ ಮಾಡ್ಯಾರ!"

ಅವ್ವ ಸೆರಗು ಸರಿಪಡಿಸಿಕೊಂಡರು.

"ಏ ತಮ್ಮಾ, ನಾ ಎಲ್ಲಿ ಇವಗ ಮಾಡೀನಿ? ಗುಬ್ಬಿಗಿ ಮಾಡೀನಿ."

ಪಂಚರು ನಿಯಮದ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಗುಬ್ಬಿಗೆ ಸಹಾಯ ಮಾಡಬಾರದೆಂಬ ನಿಯಮ ಹುಕ್ಕೇರಿಯಲ್ಲಿ ಇರಲಿಲ್ಲ.