ಸಂತೆಕಲ್ಲೂರಿನ ಹೆಪ್ಪು

ಅಥವಾ ಆ ರವಿವಾರ ನಾನು ಒಯ್ದದ್ದು ಮಣ್ಣಿನ ಕುಡಿಕೆ ಇರಲಿಕ್ಕಿಲ್ಲ, ಸ್ಟೀಲ್ ಡಬ್ಬಿಯೇ ಇರಬೇಕು. ಸ್ಕೂಟರಿನಲ್ಲಿ ಮೊಸರು ತುಂಬಿದ ಕುಡಿಕೆ ಒಯ್ಯುವಷ್ಟು ಧೈರ್ಯ ನನಗಿಲ್ಲ. ಹೇಳುವುದಕ್ಕೆ ಕುಡಿಕೆ ಚೆಂದ ಎಂದು ನೆನಪೇ ಆಮೇಲೆ ಪಾತ್ರೆ ಬದಲಿಸಿರಬಹುದು. ಅದಕ್ಕೆ ಇಂಥ ಉಪಕಾರ ಮಾಡುವ ಚಟವಿದೆ. ಒಳಗಿದ್ದದ್ದು ಮೊಸರು, ಇಷ್ಟು ಖಚಿತ.

ಸಿಂಧನೂರಿನಲ್ಲಿ ಹುಸೇನ್ ಸಾಬರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮಹಡಿ ಮೇಲೆ ಪ್ರತಿ ರವಿವಾರ ಬೆಳಿಗ್ಗೆ ಮೂವರು ಸೇರುತ್ತೇವೆ: ಸಾಬರು, ನಿವೃತ್ತ ವಿಜ್ಞಾನ ಶಿಕ್ಷಕ ಶರಣಪ್ಪ ಮಾಸ್ತರು ಮತ್ತು ನಾನು. ಜಗತ್ತಿನಲ್ಲಿ ವಸ್ತು ಎಂಬುದೇ ಇಲ್ಲ, ಇರುವುದೆಲ್ಲ ಬರೀ ಆಗುವಿಕೆ ಎಂಬ ವಿಚಾರವನ್ನು ಮಾಸ್ತರು ಎಲ್ಲಿಂದಲೋ ತಂದಿದ್ದರು. ಕಲ್ಲು ಕೂಡ ಒಂದು ಘಟನೆಯಂತೆ, ಬಹಳ ನಿಧಾನದ್ದು. "ಹಂಗಾರ ದೇವರೂ ಬದಲಾಗ್ತಾನೇನ್ರೀ ಮಾಸ್ತರ?" ಎಂದು ಸಾಬರು ಕೇಳಿದರು. ಬದಲಾಗದಿದ್ದರೆ ನಮ್ಮ ಮೊರೆ ಅವನಿಗೆ ತಟ್ಟುವುದು ಹೇಗೆ, ಬದಲಾದರೆ ಅವನನ್ನು ನಂಬುವುದು ಹೇಗೆ? ಮೂರು ವಾರ ಒಗ್ಗರಣೆ-ಮಿರ್ಚಿ ತಿಂದರೂ ಇದು ಬಗೆಹರಿಯಲಿಲ್ಲ.

ನಮ್ಮಲ್ಲೊಂದು ಪದ್ಧತಿ ಇದೆ. ಪುಸ್ತಕ ತರುವಂತಿಲ್ಲ, ಸರದಿಯಂತೆ ಒಬ್ಬರು ಮನೆಯಿಂದ ಒಂದು ಸಾಕ್ಷಿ ತರಬೇಕು. ಸಾಬರು ತುಕ್ಕು ಹಿಡಿದ ಬೇರಿಂಗ್ ತಂದಿದ್ದರು. ನನ್ನ ಸರದಿಯ ದಿನ ಹೆಂಡತಿ ಗೌರಮ್ಮ ಲಿಂಗಸುಗೂರಿಗೆ ತಂಗಿಯ ಮನೆಗೆ ಹೋಗಿದ್ದಳು. ನಾನು ಅವಳ ಮೊಸರನ್ನೇ ಒಯ್ದೆ. ಮದುವೆಯಾಗಿ ಬರುವಾಗ ಅವಳ ತಾಯಿ ಸಂತೆಕಲ್ಲೂರಿನಿಂದ ಕೊಟ್ಟು ಕಳಿಸಿದ ಹೆಪ್ಪು ಅದು. ತಾಯಿ ತೀರಿಕೊಂಡ ಮೇಲೂ ದಿನಾ ಒಂದು ಚಮಚ ಹಾಲಿಗೆ ಬಿದ್ದು ಮುಂದುವರಿದಿತ್ತು. ಗೌರಮ್ಮ ಅದನ್ನು "ಅವ್ವನ ಕೈ" ಎನ್ನುತ್ತಾಳೆ.

"ಆ ಹಳೇ ಮೊಸರು ಇದರಾಗ ಒಂದು ಹನಿನೂ ಉಳದಿಲ್ಲ. ಬ್ಯಾಕ್ಟೀರಿಯಾನೂ ಬ್ಯಾರೆ, ಹಾಲೂ ಬ್ಯಾರೆ," ಎಂದರು ಮಾಸ್ತರು.

"ರುಚಿ ನೋಡದ ಹ್ಯಾಂಗ ಹೇಳ್ತೀರಿ?" ಎಂದು ಸಾಬರು ಕೆಳಗಿನಿಂದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ತರಿಸಿದರು.

ನೋಡಿದೆವು. ವಾದ ಬೆಳೆದಂತೆಲ್ಲ ಮತ್ತೆ ಮತ್ತೆ ನೋಡಬೇಕಾಯಿತು. ತಳವನ್ನು ಬೆರಳಿನಿಂದ ಬಳಿದವನು ನಾನೇ. ಹೆಪ್ಪಿಗೆಂದು ಮನೆಯಲ್ಲಿ ಒಂದು ಚಮಚವನ್ನೂ ತೆಗೆದಿಟ್ಟಿಲ್ಲ ಎಂಬುದು ಹೊಳೆದದ್ದು ಆ ಬೆರಳು ಬಾಯಲ್ಲಿದ್ದಾಗ.

"ಆಗುವಿಕೆ ಮುಗದಂಗಾತು ನೋಡ್ರಿ," ಎಂದರು ಸಾಬರು. ಮಾಸ್ತರು ನಗಲಿಲ್ಲ; ಅವರಿಗೂ ಹೆಂಡತಿ ಇದ್ದಾಳೆ.

ಅಂದೇ ಮಸ್ಕಿಗೆ ಬಸ್ಸು, ಅಲ್ಲಿಂದ ಆಟೋ ಹಿಡಿದು ಸಂತೆಕಲ್ಲೂರು ಮುಟ್ಟಿದೆ. ಹೆಂಡತಿಯ ತಮ್ಮನ ಮನೆಯಲ್ಲಿ ಮೂಲದ ಹೆಪ್ಪು ಇದ್ದೇ ಇರುತ್ತದೆ ಎಂಬ ಧೈರ್ಯ. ಅವನ ಹೆಂಡತಿ ನೀಲಮ್ಮ ನನ್ನ ಕಥೆ ಕೇಳಿ ತಲೆ ತಗ್ಗಿಸಿದಳು.

"ಅಣ್ಣಾರ, ಅತ್ತಿಯವರ ಹೆಪ್ಪು ನಮ್ಮಲ್ಲಿ ಯಾವಾಗೋ ಕೆಟ್ಟೈತ್ರಿ. ಇದು ಬಾಜೂ ಮನಿದು. ಅಕ್ಕ ಬಂದಾಗೆಲ್ಲಾ ಅವ್ವನ ಕೈ ಅಂತ ಮೆಚ್ಚಿ ಉಣ್ತಾಳ. ಆಕಿಗೆ ಮಾತ್ರ ಹೇಳಬ್ಯಾಡ್ರಿ."

ಹಾಗಾದರೆ ಉಳಿದಿದ್ದದ್ದು ನಮ್ಮ ಮನೆಯದೊಂದೇ. ಅದನ್ನು ನಾನು ಶೇಂಗಾ ಹಿಂಡಿಯ ಜೊತೆ ಮುಗಿಸಿ ಬಂದಿದ್ದೆ. ಆ ಪಕ್ಕದ ಮನೆಯ ಹೆಪ್ಪನ್ನೇ ತಂದು ಸಂಜೆ ಹಾಲಿಗೆ ಹಾಕಿದೆ.

ಮರುದಿನ ಮಧ್ಯಾಹ್ನ ಬಂದ ಗೌರಮ್ಮ ಊಟಕ್ಕೆ ಕುಳಿತು ಮೊಸರು ನಾಲಿಗೆಗೆ ಹಚ್ಚಿದಳು. ಇನ್ನೊಮ್ಮೆ ಹಚ್ಚಿ ನೋಡಿದಳು.

"ಸಂತೆಕಲ್ಲೂರಿಗೆ ಹೋಗಿದ್ರೇನು?"

"ಹೂಂ," ಎಂದೆ.

ಅವಳು ಎದ್ದು ನಾಳಿನ ಹೆಪ್ಪಿಗೆ ಒಂದು ಚಮಚ ತೆಗೆದಿಟ್ಟಳು.

ರುಚಿಯಿಂದಲೇ ಗುರುತು ಹಿಡಿದಳು ಎಂದರೆ, ಊರಿನ ಮೊಸರು ಅವ್ವನ ಹೆಪ್ಪಿನದಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ ನೀಲಮ್ಮನ ಮುಂದೆ ಯಾಕೆ ಹಾಗೆ ಹೊಗಳುತ್ತಿದ್ದಳು? ಇದನ್ನು ಕೇಳಬೇಕಾದರೆ ಮೊದಲು ನಾನು ತಪ್ಪೊಪ್ಪಿಕೊಳ್ಳಬೇಕು. ದೇವರು ಬದಲಾಗುತ್ತಾನೋ ಇಲ್ಲವೋ ಎಂದು ಮೂರು ವಾರ ಗಟ್ಟಿ ದನಿಯಲ್ಲಿ ವಾದಿಸಿದವನು ನಾನು. ಇವಳನ್ನು ಇನ್ನೂ ಕೇಳಿಲ್ಲ.